ಮತ್ತೆ ಮತ್ತೆ ಏಳುವ ಕಣ್ಣಿನ ಕುರು: ಎರಡು ಕುರುಗಳ ನಡುವಿನ ದಿನಗಳಲ್ಲಿ ಮಾಡಬೇಕಾದ ಆರೈಕೆ

ಕಣ್ಣಿನ ರೆಪ್ಪೆಯ ಅಂಚಿನಲ್ಲಿ ಒಂದು ಕುರು ಎದ್ದು, ನಾಲ್ಕಾರು ದಿನ ನೋವು ಕೊಟ್ಟು, ತಾನಾಗಿ ಒಡೆದು ಮಾಗಿದರೆ ಅದನ್ನು ಯಾರೂ ದೊಡ್ಡ ಕಾಯಿಲೆಯೆಂದು ಎಣಿಸುವುದಿಲ್ಲ, ಎಣಿಸಬೇಕಾಗಿಯೂ ಇಲ್ಲ. ಆದರೆ ಬಲಗಣ್ಣಿನದು ಇಳಿಯುವಷ್ಟರಲ್ಲಿ ಎಡಗಣ್ಣಿನಲ್ಲಿ ಇನ್ನೊಂದು, ಅದು ಮಾಗಿ ತಿಂಗಳು ಕಳೆಯುವಷ್ಟರಲ್ಲಿ ಮತ್ತೊಂದು ಎಂಬಂತೆ ಅದು ಬರುತ್ತಲೇ ಇದ್ದರೆ, ಪ್ರತಿ ಸಲ ಮೆಡಿಕಲ್‌ಗೆ ಹೋಗಿ ಕಣ್ಣಿಗೆ ಬಿಡುವ ಮದ್ದಿನ ಒಂದು ಬಾಟಲಿ ತಂದು ಸುಮ್ಮನಾಗುವುದು ಸಾಲದು. ಹೀಗೆ ಮರುಕಳಿಸುವ ಕುರುಗಳನ್ನು ಒಂದೊಂದನ್ನೂ ಹೊಸ ಸೋಂಕು ಎಂದು ತಿಳಿಯುವುದಕ್ಕಿಂತ, ರೆಪ್ಪೆಯ ಅಂಚಿನಲ್ಲಿ ಸದಾ ಇರುವ ಒಂದು ತೊಂದರೆ ಆಗಾಗ ತಲೆಯೆತ್ತುತ್ತಿದೆ ಎಂದು ತಿಳಿಯುವುದು ಹೆಚ್ಚು ಸರಿ. ಆದ್ದರಿಂದ ಕುರು ಎದ್ದ ವಾರದಲ್ಲಿ ಮಾಡುವ ಉಪಚಾರಕ್ಕಿಂತ, ಕುರು ಇಲ್ಲದೆ ಕಣ್ಣು ಚೆನ್ನಾಗಿಯೇ ಕಾಣುವ ದಿನಗಳಲ್ಲಿ ಮಾಡುವ ಆರೈಕೆಗೆ ಈ ಬರಹದಲ್ಲಿ ಹೆಚ್ಚು ಜಾಗ ಕೊಡಲಾಗಿದೆ.

ರೆಪ್ಪೆಯ ಅಂಚಿನಲ್ಲಿ ನಡೆಯುವುದೇನು

ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಹತ್ತಿರ ನಿಂತು ಕೆಳರೆಪ್ಪೆಯನ್ನು ಮೆಲ್ಲನೆ ಕೆಳಗೆಳೆದು ನೋಡಿದರೆ, ರೆಪ್ಪೆಗೂದಲಿನ ಸಾಲಿನ ಹಿಂದೆ, ಕಣ್ಣುಗುಡ್ಡೆಯನ್ನು ತಾಗುವ ಬದಿಯಲ್ಲಿ, ಸೂಜಿಯ ಮೊನೆಯಿಂದ ಚುಚ್ಚಿದಂತಹ ಚುಕ್ಕಿಗಳ ಒಂದು ಸಾಲು ಕೆಲವರಿಗೆ ಕಾಣಬಹುದು. ಇವು ಮೈಬೋಮಿಯನ್ ಗ್ರಂಥಿಗಳ ಬಾಯಿಗಳು. ಜರ್ಮನಿಯ ವೈದ್ಯ ಹೈನ್ರಿಚ್ ಮೈಬೋಮ್ 1666ರಲ್ಲಿ ಇವುಗಳನ್ನು ವಿವರಿಸಿದ್ದರಿಂದ ಅವರ ಹೆಸರೇ ಉಳಿದಿದೆ. ಮೇಲಿನ ರೆಪ್ಪೆಯಲ್ಲಿ ಇಂತಹ ಸುಮಾರು 25ರಿಂದ 40, ಕೆಳಗಿನ ರೆಪ್ಪೆಯಲ್ಲಿ ಸುಮಾರು 20ರಿಂದ 30 ಗ್ರಂಥಿಗಳು ಇರುತ್ತವೆ. ನಾವು ರೆಪ್ಪೆ ಬಡಿದಾಗಲೆಲ್ಲ ಇವುಗಳಿಂದ ಎಣ್ಣೆಯಂತಹ ದ್ರವ ಸ್ವಲ್ಪ ಸ್ವಲ್ಪವೇ ಹೊರಬಂದು ಕಣ್ಣೀರಿನ ಮೇಲೆ ತೆಳುವಾಗಿ ಹರಡಿ, ಕಣ್ಣೀರು ಬೇಗ ಆರಿಹೋಗದಂತೆ ಕಾಯುತ್ತದೆ. ಇವಲ್ಲದೆ ರೆಪ್ಪೆಗೂದಲಿನ ಬುಡದಲ್ಲಿಯೂ ಎಣ್ಣೆ ಮತ್ತು ಬೆವರಿನ ಸಣ್ಣ ಗ್ರಂಥಿಗಳಿವೆ.

ಈ ಗ್ರಂಥಿಗಳಲ್ಲಿ ಯಾವುದಾದರೊಂದರ ಬಾಯಿ ಮುಚ್ಚಿಕೊಂಡು, ಒಳಗೆ ನಿಂತ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆದಾಗ ಕುರು ಏಳುತ್ತದೆ. ಇದಕ್ಕೆ ಬಹುಪಾಲು ಕಾರಣವಾಗುವುದು ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ; ಇದು ಎಲ್ಲಿಂದಲೋ ಬರುವಂಥದ್ದಲ್ಲ, ಅನೇಕರ ಚರ್ಮದ ಮೇಲೆ ಮತ್ತು ಮೂಗಿನೊಳಗೆ ಯಾವ ತೊಂದರೆಯನ್ನೂ ಕೊಡದೆ ಇರುವಂಥದ್ದು. ರೆಪ್ಪೆಗೂದಲಿನ ಬುಡದ ಗ್ರಂಥಿಯಲ್ಲಿ ಎದ್ದ ಕುರು ಹೊರಗೆ ಅಂಚಿನಲ್ಲಿಯೇ ಕೆಂಪಗೆ, ತುದಿಯಲ್ಲಿ ಹಳದಿಯಾಗಿ ಕಾಣುತ್ತದೆ. ಮೈಬೋಮಿಯನ್ ಗ್ರಂಥಿಯಲ್ಲಿ ಎದ್ದದ್ದು ಅಂಚಿನಿಂದ ಸ್ವಲ್ಪ ದೂರದಲ್ಲಿ, ರೆಪ್ಪೆಯ ಒಳಮೈಯ ಕಡೆಗೆ ಇರುತ್ತದೆ. ಇದರ ನೋವು ಹೆಚ್ಚು, ಮಾಗಲು ಸಮಯವೂ ಹೆಚ್ಚು ಬೇಕು.

ಮರುಕಳಿಸುವವರಲ್ಲಿ ಹೆಚ್ಚಿನ ಸಲ ಮೂಲ ತೊಂದರೆ ಇರುವುದು ಆ ಎಣ್ಣೆಯಲ್ಲಿ ಮತ್ತು ರೆಪ್ಪೆಯ ಅಂಚಿನ ದೀರ್ಘಕಾಲದ ಉರಿಯೂತದಲ್ಲಿ. ವೈದ್ಯರು ಇದನ್ನು ಬ್ಲೆಫರೈಟಿಸ್ ಎನ್ನುತ್ತಾರೆ. ಆರೋಗ್ಯವಂತ ಗ್ರಂಥಿಯ ಎಣ್ಣೆ ರೆಪ್ಪೆಯ ಸಹಜ ಬಿಸಿಯಲ್ಲಿಯೇ ತಿಳಿಯಾಗಿ ಹರಿಯುತ್ತದೆ. ತೊಂದರೆ ಇರುವವರಲ್ಲಿ ಅದು ಡಿಸೆಂಬರಿನ ಬೆಳಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿದ ತೆಂಗಿನೆಣ್ಣೆಯ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದ ಮುಂದೆ ಗಲ್ಲವಿಟ್ಟು ಕುಳ್ಳಿರಿಸಿ, ರೆಪ್ಪೆಯನ್ನು ಹತ್ತಿಕಡ್ಡಿಯಿಂದ ಒತ್ತಿ ನೋಡುವುದು ಇದಕ್ಕಾಗಿಯೇ: ಒತ್ತಿದಾಗ ತಿಳಿ ಎಣ್ಣೆಯ ಹನಿ ಬರುತ್ತದೆಯೋ, ಬಿಳಿಯ ಗಟ್ಟಿ ಎಳೆ ಬರುತ್ತದೆಯೋ, ಇಲ್ಲ ಏನೂ ಬರುವುದಿಲ್ಲವೋ ಎಂಬುದರಲ್ಲಿ ಉತ್ತರವಿದೆ. ಬೆಳಗ್ಗೆ ಏಳುವಾಗ ರೆಪ್ಪೆಗೂದಲಿನ ಬುಡದಲ್ಲಿ ಹೊಟ್ಟಿನಂತಹ ಪುಡಿ, ರೆಪ್ಪೆಯ ಅಂಚು ಸದಾ ಕೆಂಪಗಿರುವುದು, ಕಣ್ಣಿನಲ್ಲಿ ಹೊಯಿಗೆ ಬಿದ್ದ ಅನುಭವ, ಸಂಜೆಯ ಹೊತ್ತಿಗೆ ಉರಿ, ಇವು ಕುರು ಇಲ್ಲದ ದಿನಗಳಲ್ಲಿಯೂ ಇದ್ದರೆ ಬ್ಲೆಫರೈಟಿಸ್ ಇರುವ ಸಂಭವವೇ ಹೆಚ್ಚು.

ಕುರುವನ್ನು ಇನ್ನೊಂದರೊಡನೆ ಬೆರೆಸಬಾರದು. ಗ್ರಂಥಿಯ ಬಾಯಿ ಮುಚ್ಚಿ ಸೋಂಕಿಲ್ಲದೆ ಎಣ್ಣೆ ಒಳಗೇ ಸೋರಿ ಗಂಟಾದರೆ ಅದು ಕಲೇಜಿಯನ್. ಅದರಲ್ಲಿ ನೋವಿರುವುದಿಲ್ಲ, ಬೆರಳಿಗೆ ಬಟಾಣಿಯಷ್ಟು ಗಟ್ಟಿಯಾಗಿ ಸಿಗುತ್ತದೆ, ವಾರಗಟ್ಟಲೆ ಹಾಗೆಯೇ ಇರುತ್ತದೆ. ಒಳಗಿನ ಕುರು ನೋವು ಇಳಿದ ಮೇಲೆ ಕಲೇಜಿಯನ್ ಆಗಿ ಉಳಿಯುವುದೂ ಉಂಟು. ಮೂಗಿನ ಬದಿಯ ಕಣ್ಣಿನ ಮೂಲೆಯಲ್ಲಿ, ರೆಪ್ಪೆಗಿಂತ ಕೆಳಗೆ ನೋವಿನ ಊತ ಬಂದರೆ ಅದು ಕಣ್ಣೀರಿನ ಚೀಲದ ಸೋಂಕು ಇರಬಹುದು. ಅದಕ್ಕೆ ಮನೆ ಉಪಚಾರವಿಲ್ಲ, ವೈದ್ಯರಲ್ಲಿಗೇ ಹೋಗಬೇಕು.

ಕುರು ಎದ್ದ ವಾರದಲ್ಲಿ

ಬಿಸಿ ಶಾಖವೇ ಮೊದಲ ಉಪಚಾರ. ಕುದಿಸಿ ಸ್ವಲ್ಪ ಆರಿಸಿದ ನೀರಿನಲ್ಲಿ ಶುಭ್ರವಾದ ಹತ್ತಿಬಟ್ಟೆಯನ್ನು ಅದ್ದಿ ಹಿಂಡಿ, ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡಿ, ಹಿತವಾದ ಬಿಸಿಯಿದ್ದರೆ ಮಾತ್ರ ಮುಚ್ಚಿದ ಕಣ್ಣಿನ ಮೇಲಿಡಬೇಕು. ನೀರು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದರೆ ಸಾಕು. ರೆಪ್ಪೆಯ ಚರ್ಮ ಮೈಯಲ್ಲಿಯೇ ಅತಿ ತೆಳುವಾದದ್ದರಿಂದ ಬೇಗ ಸುಡುತ್ತದೆ. ಹೆಚ್ಚಿನವರು ತಪ್ಪುವುದು ಬಿಸಿಯ ಪ್ರಮಾಣದಲ್ಲಿ ಅಲ್ಲ, ಅವಧಿಯಲ್ಲಿ. ಒದ್ದೆ ಬಟ್ಟೆ ಒಂದೆರಡು ನಿಮಿಷದಲ್ಲಿ ತಣ್ಣಗಾಗುತ್ತದೆ, ಆಮೇಲೆ ಅದನ್ನು ಕಣ್ಣಿನ ಮೇಲೆ ಇಟ್ಟುಕೊಂಡು ಕುಳಿತರೂ ಪ್ರಯೋಜನವಿಲ್ಲ. ಆದ್ದರಿಂದ ಬಿಸಿನೀರನ್ನು ಫ್ಲಾಸ್ಕಿನಲ್ಲಿ ಹತ್ತಿರವೇ ಇಟ್ಟುಕೊಂಡು, ಬಟ್ಟೆಯನ್ನು ಮತ್ತೆ ಮತ್ತೆ ಅದ್ದುತ್ತಾ ಒಟ್ಟು ಐದರಿಂದ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ ಶಾಖ ಕೊಡಬೇಕು. ಹಳೆಯ ಹತ್ತಿಯ ಪಂಚೆಯನ್ನು ಅಂಗೈಯಗಲದ ತುಂಡುಗಳಾಗಿ ಕತ್ತರಿಸಿ ಕುದಿಸಿ ಒಣಗಿಸಿಟ್ಟುಕೊಂಡರೆ ಇದಕ್ಕೆ ಅತ್ಯುತ್ತಮ. ಒಂದು ಸಲ ಬಳಸಿದ ತುಂಡನ್ನು ಕುದಿಸದೆ ಮತ್ತೆ ಬಳಸಬಾರದು, ಒಂದು ಕಣ್ಣಿಗಿಟ್ಟದ್ದನ್ನು ಇನ್ನೊಂದಕ್ಕೆ ಇಡಬಾರದು.

ಹೀಗೆ ಮಾಡುತ್ತಾ ಹೋದರೆ ಹೊರಗಿನ ಕುರು ಕೆಲವೇ ದಿನಗಳಲ್ಲಿ ಒಡೆದು ಒಂದೆರಡು ವಾರದೊಳಗೆ ಪೂರ್ತಿ ಮಾಗುತ್ತದೆ. ಒಡೆದಾಗ ಕೀವನ್ನು ಒದ್ದೆ ಹತ್ತಿಯಿಂದ ಒರೆಸಿ ತೆಗೆದು ಕೈ ತೊಳೆದುಕೊಳ್ಳಬೇಕು. ಆ ದಿನಗಳಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕದೆ ಕನ್ನಡಕವನ್ನೇ ಬಳಸಬೇಕು, ಕಾಡಿಗೆ ಮುಂತಾದ ಯಾವ ಪ್ರಸಾಧನವನ್ನೂ ಹಚ್ಚಬಾರದು. ಕುರು ಎದ್ದ ಮಗುವನ್ನು ಶಾಲೆಗೆ ಕಳುಹಿಸಬಹುದು. ಇದು ಮಳೆಗಾಲದಲ್ಲಿ ಊರಿಡೀ ಹಬ್ಬುವ ಕೆಂಗಣ್ಣಿನಂತಹ ಅಂಟುರೋಗವಲ್ಲ.

ಮಾಡಬಾರದ್ದರಲ್ಲಿ ಮೊದಲನೆಯದು ಹಿಂಡುವುದು. ಕುರುವಿನ ತುದಿ ಹಳದಿಯಾದೊಡನೆ ಉಗುರಿನಿಂದ ಒತ್ತುವ, ಸೂಜಿಯಿಂದ ಚುಚ್ಚುವ ಆಸೆ ಸಹಜ. ಆದರೆ ಒತ್ತಿದಾಗ ಕೀವು ಹೊರಗೇ ಬರುತ್ತದೆಂಬ ಖಾತರಿಯಿಲ್ಲ, ರೆಪ್ಪೆಯ ಒಳಗಡೆಗೂ ಹರಡಬಹುದು, ಮತ್ತು ಈ ಭಾಗದ ರಕ್ತನಾಳಗಳಿಗೆ ಮಿದುಳಿನ ಕೆಳಭಾಗದ ರಕ್ತನಾಳಗಳೊಡನೆ ಸಂಪರ್ಕವಿದೆ. ಎರಡನೆಯದು ಸುಣ್ಣ. ಮೈಮೇಲಿನ ಕುರುವಿಗೆ ಸುಣ್ಣ ಬೆಲ್ಲ ಹಚ್ಚಿ ಒಡೆಯಿಸುವ ಕ್ರಮ ಗೊತ್ತಿರುವ ಹಿರಿಯರು ತಾಂಬೂಲದ ತಟ್ಟೆಯಿಂದಲೇ ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ರೆಪ್ಪೆಗೆ ಮುಟ್ಟಿಸಲು ಹೊರಟರೆ ಗೌರವದಿಂದಲೇ ತಡೆಯಬೇಕು. ಸುಣ್ಣ ತೀವ್ರ ಕ್ಷಾರ. ಅದು ಕಣ್ಣಿನೊಳಗೆ ಹೋದರೆ ಪಾರದರ್ಶಕ ಪಟಲವನ್ನು ಸುಟ್ಟು ದೃಷ್ಟಿಯನ್ನೇ ಕಳೆಯಬಲ್ಲದು. ಹಾಗೇನಾದರೂ ಆದರೆ ತಕ್ಷಣ, ಆಸ್ಪತ್ರೆಗೆ ಹೊರಡುವ ಮೊದಲೇ, ಧಾರಾಳ ನೀರಿನಿಂದ ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ಕಣ್ಣು ತೊಳೆಯಬೇಕು. ಬೆಳ್ಳುಳ್ಳಿಯ ರಸವೂ ರೆಪ್ಪೆಯ ಚರ್ಮವನ್ನು ಸುಡುತ್ತದೆ. ಚಿನ್ನದ ಉಂಗುರವನ್ನು ತಿಕ್ಕಿ ಬಿಸಿ ಮಾಡಿ ಮುಟ್ಟಿಸುವವರಿಗೆ ಸಿಗುವ ಹಿತವೂ ಬಿಸಿಯಿಂದಲೇ ಬಂದದ್ದು, ಚಿನ್ನದಿಂದಲ್ಲ; ಅದರ ಬದಲು ಕುದಿಸಿದ ಬಟ್ಟೆ ಹೆಚ್ಚು ಶುಚಿ.

ಮೂರನೆಯದು, ಮತ್ತು ನನ್ನ ಎಣಿಕೆಯಲ್ಲಿ ಇವತ್ತು ಅತಿ ಹೆಚ್ಚು ಕೇಡು ಮಾಡುತ್ತಿರುವುದು, ಚೀಟಿಯಿಲ್ಲದೆ ತಂದು ಬಿಟ್ಟುಕೊಳ್ಳುವ ಸ್ಟೀರಾಯ್ಡ್ ಬೆರೆತ ಹನಿಮದ್ದು. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರು ಬಾಟಲಿಯ ಮೇಲಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಎರಡೇ ದಿನಗಳಲ್ಲಿ ಕೆಂಪು ಇಳಿಯುವುದರಿಂದ ಜನ ಅದನ್ನು ಒಳ್ಳೆಯ ಮದ್ದೆಂದು ನಂಬಿ, ಪ್ರತಿ ಕುರುವಿಗೂ ಅದನ್ನೇ ತರುತ್ತಾರೆ. ಪದೇಪದೇ ಬಳಸಿದವರಲ್ಲಿ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಜೊತೆಗೆ ಕಣ್ಣಿನ ಪೊರೆ ಬರುವ ಅಪಾಯ ನಿಜವಾದದ್ದು. ಆ್ಯಂಟಿಬಯೋಟಿಕ್ ಹನಿ ಅಥವಾ ಮುಲಾಮಿನ ವಿಷಯ ಬೇರೆ. ಅದು ಕೆಲವು ಸಂದರ್ಭಗಳಲ್ಲಿ ಬೇಕಾಗುತ್ತದೆ, ಆದರೆ ಮುಚ್ಚಿದ ಗ್ರಂಥಿಯ ಒಳಗೆ ಅದು ಹೆಚ್ಚು ಇಳಿಯುವುದಿಲ್ಲ, ಮುಂದಿನ ಕುರುವನ್ನು ತಡೆಯುವುದೂ ಇಲ್ಲ.

ಕುರು ಇಲ್ಲದ ದಿನಗಳ ಕ್ರಮ

ಇಲ್ಲಿಯೇ ಹೆಚ್ಚಿನವರು ಕೈಬಿಡುತ್ತಾರೆ. ನೋವು ಹೋದ ಮೇಲೆ ರೆಪ್ಪೆಯ ನೆನಪು ಯಾರಿಗೂ ಇರುವುದಿಲ್ಲ. ಆದರೆ ಕುರು ಮರುಕಳಿಸುವವರು ಹಲ್ಲುಜ್ಜುವ ಹಾಗೆ ರೆಪ್ಪೆಯ ಆರೈಕೆಯನ್ನೂ ದಿನಚರಿಗೆ ಸೇರಿಸಿಕೊಳ್ಳಬೇಕಾಗುತ್ತದೆ. ಅದರಲ್ಲಿ ಮೂರು ಕೆಲಸಗಳಿವೆ: ಶಾಖ, ನೀವುವುದು, ಶುಚಿ ಮಾಡುವುದು. ಈ ಕ್ರಮವನ್ನು ತಿರುಗುಮುರುಗು ಮಾಡಬಾರದು, ಏಕೆಂದರೆ ಎಣ್ಣೆ ಕರಗುವ ಮೊದಲು ನೀವಿದರೆ ಅದು ಹೊರಬರುವುದಿಲ್ಲ, ಹೊರಬಂದದ್ದನ್ನು ಒರೆಸದಿದ್ದರೆ ಅಂಚಿನಲ್ಲಿಯೇ ಒಣಗುತ್ತದೆ.

ಮೊದಲು ಮೇಲೆ ಹೇಳಿದ ಹಾಗೆಯೇ ಐದರಿಂದ ಹತ್ತು ನಿಮಿಷ ಎರಡೂ ಕಣ್ಣುಗಳಿಗೆ ಶಾಖ ಕೊಡಬೇಕು. ಕುರು ಬರುತ್ತಿದ್ದದ್ದು ಒಂದೇ ಕಣ್ಣಿಗಾದರೂ ಗ್ರಂಥಿಗಳ ತೊಂದರೆ ಸಾಮಾನ್ಯವಾಗಿ ಎರಡರಲ್ಲಿಯೂ ಇರುತ್ತದೆ. ನಂತರ ಕಣ್ಣು ಮುಚ್ಚಿ, ತೊಳೆದ ತೋರುಬೆರಳಿನ ಮೆದುಭಾಗದಿಂದ ಮೇಲಿನ ರೆಪ್ಪೆಯನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನ ರೆಪ್ಪೆಯನ್ನು ಕೆಳಗಿನಿಂದ ಮೇಲಕ್ಕೆ, ಅಂದರೆ ಎರಡನ್ನೂ ರೆಪ್ಪೆಗೂದಲಿನ ಕಡೆಗೆ ಮೂಗಿನ ಬದಿಯಿಂದ ಕಿವಿಯ ಬದಿಯವರೆಗೆ ಸಾಲಾಗಿ ಹಗುರವಾಗಿ ನೀವಬೇಕು. ಒತ್ತಡ ರೆಪ್ಪೆಯ ಮೇಲಿರಬೇಕೇ ಹೊರತು ಕಣ್ಣುಗುಡ್ಡೆಯ ಮೇಲಲ್ಲ. ಗ್ಲಾಕೋಮಾ ಇರುವವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ನೀವಬಾರದು. ನೋವಿನ ಕುರು ಇರುವಾಗ ಯಾರೂ ನೀವಬಾರದು.

ಕೊನೆಯದು ಅಂಚಿನ ಶುಚಿ. ಕುದಿಸಿ ಆರಿಸಿದ ಅರ್ಧ ಲೋಟ ಬೆಚ್ಚಗಿನ ನೀರಿಗೆ ಎರಡು ಮೂರು ಹನಿ ಬೇಬಿ ಶಾಂಪೂ ಬೆರೆಸಿ, ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ, ರೆಪ್ಪೆಗೂದಲಿನ ಬುಡವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೆಲ್ಲನೆ ಒರೆಸುವುದು ಬಹುಕಾಲದಿಂದ ರೂಢಿಯಲ್ಲಿರುವ ವಿಧಾನ. ಕೆಲವರಿಗೆ ಶಾಂಪೂವಿನಿಂದ ಕಣ್ಣು ಒಣಗಿ ಉರಿಯುತ್ತದೆ; ಅವರು ರೆಪ್ಪೆ ಶುಚಿಗೆಂದೇ ಮೆಡಿಕಲ್‌ಗಳಲ್ಲಿ ಸಿಗುವ ಒದ್ದೆ ವೈಪ್ಸ್ ಅಥವಾ ಫೋಮ್ ಬಳಸಬಹುದು, ಅಷ್ಟು ಖರ್ಚು ಬೇಡವೆಂದರೆ ಬರೀ ಬೆಚ್ಚಗಿನ ನೀರಿನಿಂದ ಒರೆಸುವುದೂ ಏನೂ ಮಾಡದಿರುವುದಕ್ಕಿಂತ ಎಷ್ಟೋ ಮೇಲು. ಮೈಸಾಬೂನು ಬೇಡ. ಒಂದು ಕಣ್ಣಿಗೆ ಬಳಸಿದ ಕಡ್ಡಿ ಇನ್ನೊಂದಕ್ಕೆ ಬೇಡ.

ಮೊದಲ ಕೆಲವು ವಾರ ದಿನಕ್ಕೆ ಎರಡು ಬಾರಿ, ಅಂಚಿನ ಕೆಂಪು ಮತ್ತು ಹೊಟ್ಟು ಕಡಿಮೆಯಾದ ಮೇಲೆ ದಿನಕ್ಕೆ ಒಂದು ಬಾರಿ, ರಾತ್ರಿ ಮಲಗುವ ಮೊದಲು ಮಾಡಿದರೆ ಸಾಕು. ಫಲ ಕಾಣಲು ವಾರಗಳೇ ಬೇಕು. ಒಂದು ವಾರ ಮಾಡಿ ಬಿಟ್ಟವರು ಇದರಿಂದ ಪ್ರಯೋಜನವಿಲ್ಲ ಎಂದು ಹೇಳುವುದನ್ನು ಕೇಳಿದರೆ, ಅವರು ನಿಜವಾಗಿ ಪ್ರಯತ್ನಿಸಿಲ್ಲವೆಂದೇ ತಿಳಿಯಬೇಕು.

ಇದರೊಡನೆ ರೆಪ್ಪೆ ಬಡಿಯುವುದನ್ನೂ ಗಮನಿಸಬೇಕು. ಕಂಪ್ಯೂಟರ್ ಅಥವಾ ಮೊಬೈಲ್ ನೋಡುವಾಗ ನಾವು ಸಾಮಾನ್ಯಕ್ಕಿಂತ ಬಹಳ ಕಡಿಮೆ ರೆಪ್ಪೆ ಬಡಿಯುತ್ತೇವೆ, ಬಡಿದಾಗಲೂ ಎರಡು ರೆಪ್ಪೆಗಳು ಪೂರ್ತಿ ಸೇರುವುದಿಲ್ಲ. ಹಾಗಾಗಿ ಗ್ರಂಥಿಯಿಂದ ಎಣ್ಣೆ ಹೊರಗೆ ಒತ್ತಲ್ಪಡುವುದೂ ಕಡಿಮೆಯಾಗುತ್ತದೆ. ಎ.ಸಿ.ಯ ಗಾಳಿಗೆ ಮುಖಕೊಟ್ಟು ದಿನವಿಡೀ ಪರದೆ ನೋಡುವವರು ಆಗಾಗ ಕೆಲಸ ನಿಲ್ಲಿಸಿ, ಕಣ್ಣನ್ನು ಪೂರ್ತಿ ಮುಚ್ಚಿ ಎರಡು ಸೆಕೆಂಡು ಹಾಗೇ ಇಟ್ಟು ತೆರೆಯುವುದನ್ನು ಹತ್ತು ಬಾರಿ ಮಾಡುವುದು ಒಳ್ಳೆಯದು.

ಯಾಕೆ ಬರುತ್ತಿದೆ ಎಂದು ಹುಡುಕುವುದು

ರೆಪ್ಪೆಯ ಆರೈಕೆ ಎಲ್ಲರಿಗೂ ಒಂದೇ. ಆದರೆ ಕುರುವಿಗೆ ದಾರಿ ಮಾಡಿಕೊಡುವ ಕಾರಣ ಒಬ್ಬೊಬ್ಬರಿಗೆ ಒಂದೊಂದು. ಮಧ್ಯವಯಸ್ಸು ದಾಟಿದವರಿಗೆ ಮತ್ತೆ ಮತ್ತೆ ಕುರು ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ರಕ್ತದ ಸಕ್ಕರೆ. ಬರಿಹೊಟ್ಟೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು, ಇಲ್ಲವೇ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇಕಡ 6.5 ಅಥವಾ ಹೆಚ್ಚು ಬಂದರೆ ಮಧುಮೇಹವೆಂದು ವೈದ್ಯರು ಪರಿಗಣಿಸುತ್ತಾರೆ. ಇದು ತನಗಿದೆಯೆಂದು ಗೊತ್ತಿಲ್ಲದೆಯೇ ವರ್ಷಗಳನ್ನು ಕಳೆಯುವವರು ಅನೇಕರು, ಮತ್ತು ಮಾಯದ ಕುರುಗಳಿಂದಲೇ ಅದು ಬೆಳಕಿಗೆ ಬರುವುದೂ ಉಂಟು. 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತವಾಗಿ ಆಗುತ್ತದೆ.

ಮಕ್ಕಳಲ್ಲಿ ಮತ್ತು ಕಾಲೇಜಿಗೆ ಹೋಗುವವರಲ್ಲಿ ಮೊದಲು ನೋಡಬೇಕಾದದ್ದು ಕನ್ನಡಕದ ನಂಬರು. ಸರಿಯಾಗಿ ಕಾಣದೆ ಕಣ್ಣು ಕಿರಿದು ಮಾಡಿ, ದಣಿದು, ಕೈಯಿಂದ ಉಜ್ಜಿಕೊಳ್ಳುವ ಮಗುವಿನ ಬೆರಳಲ್ಲಿರುವ ಬ್ಯಾಕ್ಟೀರಿಯಾ ನೇರ ರೆಪ್ಪೆಯ ಬುಡಕ್ಕೆ ಹೋಗುತ್ತದೆ. ಅಲರ್ಜಿಯಿಂದ ಕಣ್ಣು ತುರಿಸುವ ಮಕ್ಕಳ ಕಥೆಯೂ ಇದೇ. ಅಲ್ಲಿ ಉಜ್ಜಬೇಡ ಎಂದು ಗದರುವುದರಿಂದ ಆಗುವುದೇನೂ ಇಲ್ಲ. ತುರಿಕೆಗೆ ಮದ್ದು ಬೇಕು, ನಂಬರಿಗೆ ಕನ್ನಡಕ ಬೇಕು, ಉಗುರನ್ನು ವಾರಕ್ಕೊಮ್ಮೆ ಕತ್ತರಿಸಬೇಕು.

ತಲೆಯ ಹೊಟ್ಟಿಗೂ ರೆಪ್ಪೆಯ ಹೊಟ್ಟಿಗೂ ಹತ್ತಿರದ ಸಂಬಂಧವಿದೆ. ತಲೆಗೆ ಧಾರಾಳ ತೆಂಗಿನೆಣ್ಣೆ ಹಚ್ಚುವುದು ಕರಾವಳಿಯವರಿಗೆ ಊಟದಷ್ಟೇ ಸಹಜ, ಆದರೆ ಹೊಟ್ಟು ಇರುವವರು ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಹೊಟ್ಟನ್ನು ಹೆಚ್ಚಿಸುವ ಶಿಲೀಂಧ್ರಕ್ಕೆ ಅನುಕೂಲವಾಗುತ್ತದೆ. ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲದಂತೆ ಎರಡರಿಂದ ನಾಲ್ಕು ವಾರ, ತಲೆಯಲ್ಲಿ ಮೂರರಿಂದ ಐದು ನಿಮಿಷ ಬಿಟ್ಟು, ಕಣ್ಣು ಮುಚ್ಚಿಕೊಂಡು ತೊಳೆಯುವುದು ಸಾಮಾನ್ಯ ಕ್ರಮ. ಕೆನ್ನೆ ಮತ್ತು ಮೂಗು ಸದಾ ಕೆಂಪಾಗಿ ಸಣ್ಣ ಗುಳ್ಳೆಗಳೇಳುವ ರೊಸೇಸಿಯಾ ಎಂಬ ಚರ್ಮದ ಕಾಯಿಲೆಯೂ ಗ್ರಂಥಿಗಳನ್ನು ಕೆಡಿಸುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಎದ್ದು ಕಾಣದೆ ತಪ್ಪಿಹೋಗುವುದುಂಟು. ರೆಪ್ಪೆಗೂದಲಿನ ಬುಡದಲ್ಲಿ ಕೊಳವೆಯ ಆಕಾರದ ಹೊಟ್ಟು ಸುತ್ತಿಕೊಂಡಿದ್ದರೆ ಡೆಮೊಡೆಕ್ಸ್ ಎಂಬ ಅತಿ ಸೂಕ್ಷ್ಮ ಹುಳ ಹೆಚ್ಚಾಗಿರಬಹುದು. ಅದಕ್ಕೆ ಟೀ ಟ್ರೀ ಎಣ್ಣೆ ಒಳ್ಳೆಯದೆಂದು ಓದಿ ಸೀಸೆಯಿಂದ ನೇರವಾಗಿ ರೆಪ್ಪೆಗೆ ಹಚ್ಚಿಕೊಳ್ಳಬಾರದು. ತೆಳುಗೊಳಿಸದ ಆ ಎಣ್ಣೆ ಕಣ್ಣಿಗೆ ವಿಷ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಕಣ್ಣಿನ ವೈದ್ಯರಿಗೆ ಹೇಳಬೇಕು, ಏಕೆಂದರೆ ಅದು ರೆಪ್ಪೆಯ ಎಣ್ಣೆಗ್ರಂಥಿಗಳನ್ನೂ ಒಣಗಿಸುತ್ತದೆ.

ಕಾಡಿಗೆಯ ಮಾತು ಸ್ವಲ್ಪ ವಿವರವಾಗಿಯೇ ಹೇಳಬೇಕು. ರೆಪ್ಪೆಗೂದಲಿನ ಹೊರಗೆ ಹಚ್ಚುವುದಕ್ಕೂ, ಒಳ ಅಂಚಿನ ಮೇಲೆಯೇ ಎಳೆಯುವುದಕ್ಕೂ ವ್ಯತ್ಯಾಸವಿದೆ. ಒಳ ಅಂಚಿನಲ್ಲಿ ಎಳೆದ ಗೆರೆ ಗ್ರಂಥಿಗಳ ಬಾಯಿಯ ಮೇಲೆಯೇ ಕೂರುತ್ತದೆ. ಕುರು ಮರುಕಳಿಸುವವರು ಒಳ ಅಂಚಿಗೆ ಹಚ್ಚುವುದನ್ನು ಬಿಡಬೇಕು, ಕಾಡಿಗೆ ಮತ್ತು ಮಸ್ಕಾರಾವನ್ನು ಮೂರು ತಿಂಗಳಿಗೊಮ್ಮೆ ಎಸೆದು ಹೊಸದು ತರಬೇಕು, ಕುರು ಇದ್ದಾಗ ಬಳಸಿದ್ದನ್ನು ತಿಂಗಳು ನೋಡದೆ ಎಸೆಯಬೇಕು, ಅಕ್ಕತಂಗಿಯರೊಡನೆಯೂ ಹಂಚಿಕೊಳ್ಳಬಾರದು. ಮನೆಯಲ್ಲಿ ದೀಪದ ಮಸಿಯಿಂದ ಮಾಡಿದ ಕಾಡಿಗೆಯಾದರೂ ಬೆರಳದ್ದಿದ ಭರಣಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಯಕ್ಷಗಾನ ಮೇಳದ ಕಲಾವಿದರಿಗೆ ಇದು ಇನ್ನೂ ಕಷ್ಟ: ಮೇಳ ಹೊರಟಲ್ಲಿಂದ ತಿರುಗಾಟ ಮುಗಿಯುವ ಪತ್ತನಾಜೆಯ ದಿನದವರೆಗೆ ದಿನಾ ರಾತ್ರಿ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಬಣ್ಣ, ಕಣ್ಣಿಗೆ ದಪ್ಪ ಕಾಡಿಗೆ, ಆಟ ಮುಗಿದ ಮೇಲೆ ತೆಂಗಿನೆಣ್ಣೆ ಹಚ್ಚಿ ಒರೆಸಿ ದಣಿದು ಮಲಗುವುದು. ಅವರಿಗೆ ಬಣ್ಣ ಬಿಡಿ ಎನ್ನಲಾಗುವುದಿಲ್ಲ. ಆದರೆ ತನ್ನದೇ ಕಡ್ಡಿ, ತನ್ನದೇ ಕಾಡಿಗೆ ಇಟ್ಟುಕೊಂಡು, ಎಣ್ಣೆಯಿಂದ ಬಣ್ಣ ತೆಗೆದ ಮೇಲೆ ರೆಪ್ಪೆಯ ಅಂಚಿನಲ್ಲಿ ಉಳಿದ ಎಣ್ಣೆ ಮತ್ತು ಮಸಿಯನ್ನು ಬೆಚ್ಚಗಿನ ಒದ್ದೆ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ ಮಲಗುವುದು ಸಾಧ್ಯ. ಫ್ಲಾಸ್ಕ್ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಕೈಯ ಕೆಲಸವನ್ನೂ ಎಣಿಸಬೇಕು. ಬೀಡಿ ಕಟ್ಟುವವರ ಬೆರಳಲ್ಲಿ ಹೊಗೆಸೊಪ್ಪಿನ ಪುಡಿ, ಮೀನು ಕೊಯ್ಯುವವರ ಕೈಯಲ್ಲಿ ಮೀನಿನ ನೀರು, ಗ್ಯಾರೇಜಿನವರ ಕೈಯಲ್ಲಿ ಗ್ರೀಸ್ ಇದ್ದೇ ಇರುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಸೆಕೆಯಲ್ಲಿ ಹಣೆಯ ಬೆವರು ಕಣ್ಣಿಗಿಳಿದಾಗ ಅದೇ ಕೈ ಕಣ್ಣಿಗೆ ಹೋಗುತ್ತದೆ. ಬೆವರೊರೆಸಲು ದಿನಾ ಒಗೆದ ಒಂದು ಕರವಸ್ತ್ರ ಹತ್ತಿರವಿದ್ದರೆ ಅರ್ಧ ಕೆಲಸ ಆದ ಹಾಗೆ. ಸೆಕೆಗಾಲದಲ್ಲಿ ಕುರು ಎದ್ದರೆ ಮೈ ಉಷ್ಣವಾಗಿದೆ ಎಂದು ಎಳನೀರು ಕುಡಿಸುತ್ತಾರೆ. ಎಳನೀರಿನಿಂದ ಹೆಚ್ಚಿನವರಿಗೆ ನಷ್ಟವಿಲ್ಲ, ಆದರೆ ಮುಚ್ಚಿದ ಗ್ರಂಥಿ ಅದರಿಂದ ತೆರೆಯುವುದೂ ಇಲ್ಲ. ಸೆಕೆಗೂ ಕುರುವಿಗೂ ಸಂಬಂಧ ಇದ್ದರೆ ಅದು ಬೆವರು ಮತ್ತು ಕೈಯ ಮೂಲಕ ಬಂದದ್ದು.

ಮಳೆಗಾಲದ ತೊಂದರೆ ಬೈರಾಸಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಖ ಒರೆಸುವ ಬೈರಾಸು ಒಣಗುವುದೇ ಇಲ್ಲ. ಬಚ್ಚಲಿನ ಹಗ್ಗದಲ್ಲಿ ಅರೆಯೊದ್ದೆಯಾಗಿ ನೇತಾಡುತ್ತಾ ಮುಗ್ಗಲು ವಾಸನೆ ಹಿಡಿದದ್ದರಲ್ಲಿಯೇ ಮನೆಮಂದಿಯೆಲ್ಲ ಮುಖ ಒರೆಸುತ್ತಾರೆ. ಕುರು ಬರುವವರಿಗೆ ಮುಖಕ್ಕೆಂದೇ ಬೇರೆ ತೆಳು ಬೈರಾಸು ಬೇಕು, ಅದನ್ನು ಒಂದೆರಡು ದಿನಕ್ಕೊಮ್ಮೆ ಹಂಡೆಯ ಬಿಸಿನೀರಿನಲ್ಲಿ ಅದ್ದಿ ಒಗೆದು, ಒಲೆಯ ಬದಿಯಲ್ಲೋ ಇಸ್ತ್ರಿಪೆಟ್ಟಿಗೆಯಿಂದಲೋ ಪೂರ್ತಿ ಒಣಗಿಸಿ ಬಳಸಬೇಕು. ತಲೆದಿಂಬಿನ ಹೊದಿಕೆಗೂ ಇದೇ ನಿಯಮ.

ಆಹಾರದ ಬಗ್ಗೆ ಹೆಚ್ಚು ಹೇಳಲು ಇಲ್ಲ. ಮೀನೆಣ್ಣೆಯ ಒಮೇಗಾ-3 ಕ್ಯಾಪ್ಸೂಲುಗಳನ್ನು ಒಣಗಣ್ಣಿಗೆ ಬಹಳ ಕಾಲ ಹೊಗಳಲಾಗುತ್ತಿತ್ತು. 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡದೊಂದು ಅಧ್ಯಯನದಲ್ಲಿ ಅವು ಆಲಿವ್ ಎಣ್ಣೆಯ ಕ್ಯಾಪ್ಸೂಲಿಗಿಂತ ಹೆಚ್ಚಿನ ಗುಣ ತೋರಲಿಲ್ಲ. ಬೂತಾಯಿ, ಬಂಗುಡೆ ತಿನ್ನುವವರು ರುಚಿಗಾಗಿ, ಮೈಗಾಗಿ ತಿನ್ನಲಿ. ಕುರು ತಡೆಯಲೆಂದು ದುಬಾರಿ ಕ್ಯಾಪ್ಸೂಲು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ವೈದ್ಯರಲ್ಲಿಗೆ ಹೋಗುವುದು

ಶಾಖ ಕೊಡತೊಡಗಿ ಎರಡು ದಿನವಾದರೂ ನೋವು ಊತ ಇಳಿಮುಖವಾಗದಿದ್ದರೆ ಕಣ್ಣಿನ ವೈದ್ಯರನ್ನು ಕಾಣಬೇಕು. ಇಡೀ ರೆಪ್ಪೆ ಊದಿ ಕಣ್ಣು ತೆರೆಯಲಾಗದಿದ್ದರೆ, ಕೆಂಪು ಕೆನ್ನೆಗೋ ಹುಬ್ಬಿಗೋ ಹರಡಿದರೆ, ಜ್ವರ ಬಂದರೆ, ಕಣ್ಣುಗುಡ್ಡೆ ಅಲುಗಿಸುವಾಗ ನೋವಾದರೆ ಅಥವಾ ಅದು ಮುಂದಕ್ಕೆ ಬಂದಂತೆ ಕಂಡರೆ, ಎರಡೆರಡಾಗಿ ಅಥವಾ ಮಂಜಾಗಿ ಕಂಡರೆ ಅಂದೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು; ಸೋಂಕು ಕಣ್ಣಿನ ಗೂಡಿಗೆ ಹರಡಿದರೆ ದೃಷ್ಟಿಗೂ ಜೀವಕ್ಕೂ ಅಪಾಯ. ಮಂಗಳೂರಿನ ವೆನ್ಲಾಕ್, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗಗಳಿವೆ.

ಅವಸರವಿಲ್ಲದ, ಆದರೆ ಮರೆಯಬಾರದ ಇನ್ನೊಂದು ಸಂದರ್ಭವಿದೆ. ಐವತ್ತು ಅರುವತ್ತು ದಾಟಿದವರಲ್ಲಿ ರೆಪ್ಪೆಯ ಒಂದೇ ಜಾಗದಲ್ಲಿ ಗಂಟು ಮತ್ತೆ ಮತ್ತೆ ಬರುತ್ತಿದ್ದರೆ, ಆ ಜಾಗದ ರೆಪ್ಪೆಗೂದಲು ಉದುರಿದ್ದರೆ, ಅಂಚು ದಪ್ಪವಾಗಿ ಹಳದಿಯಾಗಿದ್ದರೆ ಅದು ಎಣ್ಣೆಗ್ರಂಥಿಯ ಕ್ಯಾನ್ಸರ್ ಇರಬಹುದು. ಇದು ಅಪರೂಪವಾದರೂ, ರೆಪ್ಪೆಯ ಕ್ಯಾನ್ಸರುಗಳಲ್ಲಿ ಇದರ ಪಾಲು ಪಶ್ಚಿಮದ ದೇಶಗಳಿಗಿಂತ ಭಾರತದಲ್ಲಿ ಹೆಚ್ಚು, ಮತ್ತು ನೋಡಲು ಕಲೇಜಿಯನ್‌ನಂತೆಯೇ ಇರುತ್ತದೆ. ಕೊಯ್ದು ತೆಗೆದ ಗಂಟು ಅದೇ ಜಾಗದಲ್ಲಿ ಮರುಕಳಿಸಿದರೆ ಬಯಾಪ್ಸಿಗೆ ಕಳುಹಿಸುತ್ತೀರಾ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ತಿಂಗಳು ಕಳೆದರೂ ಕರಗದ ಕಲೇಜಿಯನ್‌ಗೆ ರೆಪ್ಪೆ ಮರಗಟ್ಟಿಸಿ ಒಳಬದಿಯಿಂದ ಸಣ್ಣಗೆ ಕೊಯ್ದು ತೆಗೆಯುವ, ಅಥವಾ ಗಂಟಿನೊಳಗೆ ಸ್ಟೀರಾಯ್ಡ್ ಚುಚ್ಚುವ ಚಿಕಿತ್ಸೆಗಳಿವೆ, ಆಸ್ಪತ್ರೆಯಲ್ಲಿ ಉಳಿಯಬೇಕಾಗಿಲ್ಲ. ದೊಡ್ಡ ಗಂಟು ಕಣ್ಣುಗುಡ್ಡೆಯನ್ನು ಒತ್ತಿ ದೃಷ್ಟಿಯನ್ನು ಮಸುಕು ಮಾಡಬಲ್ಲದಾದ್ದರಿಂದ ಸಣ್ಣ ಮಕ್ಕಳಲ್ಲಿ ಬಹಳ ಕಾಲ ಬಿಡಬಾರದು. ಆರೈಕೆ ಸರಿಯಾಗಿ ಮಾಡಿಯೂ ಕುರು ನಿಲ್ಲದವರಿಗೆ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಮಾತ್ರೆಯನ್ನು ವೈದ್ಯರು ಕೆಲವು ಕಾಲ ಕೊಡುವುದುಂಟು. ಡಾಕ್ಸಿಸೈಕ್ಲಿನ್ ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಸಾಮಾನ್ಯವಾಗಿ ಕೊಡುವುದಿಲ್ಲ, ತೆಗೆದುಕೊಳ್ಳುವವರು ಬಿಸಿಲಿನಲ್ಲಿ ಎಚ್ಚರದಿಂದಿರಬೇಕು, ಉಳಿದ ಮಾತ್ರೆಯನ್ನು ಮನೆಯ ಇನ್ನೊಬ್ಬರಿಗೆ ಕೊಡಬಾರದು.

ಹೋಗುವಾಗ ಕೈಯಲ್ಲಿ ಒಂದು ಚೀಟಿ ಇದ್ದರೆ ವೈದ್ಯರ ಕೆಲಸ ಹಗುರವಾಗುತ್ತದೆ. ಯಾವ ತಿಂಗಳು, ಯಾವ ಕಣ್ಣು, ಮೇಲಿನ ರೆಪ್ಪೆಯೋ ಕೆಳಗಿನದೋ, ಮೂಗಿನ ಬದಿಯೋ ಕಿವಿಯ ಬದಿಯೋ, ಏನು ಮದ್ದು ಬಿಟ್ಟಿರಿ ಎಂದು ಬರೆದಿಟ್ಟು, ಕುರು ಇದ್ದಾಗ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕು. ಸರದಿ ಬರುವಷ್ಟರಲ್ಲಿ ಕುರು ಮಾಗಿಹೋಗಿದ್ದರೂ ಜಾಗ ಒಂದೆಯೋ ಬೇರೆಬೇರೆಯೋ ಎಂಬುದು ಅದರಿಂದ ತಿಳಿಯುತ್ತದೆ. ಹಿಂದೆ ಬಳಸಿದ ಹನಿಮದ್ದಿನ ಖಾಲಿ ಬಾಟಲಿಗಳಿದ್ದರೆ ಅವನ್ನೂ ಚೀಲಕ್ಕೆ ಹಾಕಿಕೊಳ್ಳಿ, ಅವುಗಳಲ್ಲಿ ಸ್ಟೀರಾಯ್ಡ್ ಇತ್ತೆಂದು ಕಂಡರೆ ಕಣ್ಣಿನ ಒತ್ತಡವನ್ನೂ ಅದೇ ಭೇಟಿಯಲ್ಲಿ ಅಳೆಯಿಸಿಕೊಂಡು ಬರಬಹುದು.